ಸಿಜೆ3ಬಿ ಜೀಪಿನ ಮುಂದಿನ ಹಬ್: ಬೇರಿಂಗ್ ಬದಲಿಸುವ ಮೊದಲು ಬೋರ್ ಅಳೆಯಿರಿ

ನನ್ನ ಜೀಪಿನ ಎಡ ಹಬ್‌ನಲ್ಲಿ (ಚಕ್ರ ಕೂರುವ ನಡುಭಾಗ) ಬೇರಿಂಗ್ ಕೂರುವ ಒಳಬದಿಯ ತೂತು, ಅಂದರೆ ಬೋರ್, ಸವೆದಿತ್ತು. ಅದಕ್ಕೆ ಸ್ಲೀವ್ (ಉಕ್ಕಿನ ಬಳೆ) ಕೂರಿಸಿದ ಮೇಲೆ ಗಾಡಿ ಹದಿನಾಲ್ಕು ಸಾವಿರ ಕಿ.ಮೀ. ದಾಟಿದೆ. ಒಂದು ಸಲವೂ ನಟ್ ಮತ್ತೆ ಬಿಗಿ ಮಾಡಬೇಕಾಗಿ ಬಂದಿಲ್ಲ. ಬಳ್ಳಾರಿಯಲ್ಲಿ ಈ ಕೆಲಸ ಹೇಳಿದಾಗ ಮೂವರು ಮೇಸ್ತ್ರಿಗಳು ಒಂದೇ ಮಾತು ಹೇಳಿದ್ದರು: ಹಬ್ ಸೀಳುತ್ತದೆ, ಗುಜರಿಯಲ್ಲಿ ಬೇರೆ ಹಬ್ ಹುಡುಕು. ಗುಜರಿಯ ಹಬ್‌ಗಳನ್ನೂ ಅಳೆದಿದ್ದೇನೆ. ನಾಲ್ಕರಲ್ಲಿ ಮೂರರ ಬೋರ್ ನನ್ನದಕ್ಕಿಂತ ಹೆಚ್ಚು ಸವೆದಿತ್ತು. ನಾಲ್ಕನೆಯದರಲ್ಲಿ ಸ್ಟಡ್ (ಚಕ್ರದ ಬೋಲ್ಟ್) ತೂತುಗಳೇ ಮೊಟ್ಟೆಯಾಕಾರ ಆಗಿದ್ದವು.

ಇದು ಮುಚ್ಚಿದ ನಕಲ್ (ಚಕ್ರ ಹೊರಳುವ ಕೀಲು) ಇರುವ ಹಳೆಯ ಮುಂದಿನ ಆಕ್ಸಲ್‌ನ ಮಾತು. ಚಕ್ರಕ್ಕೆ ಒಳಗೂ ಹೊರಗೂ ಒಂದೇ ನಂಬರಿನ ಬೇರಿಂಗ್: ಕೋನ್ (ರೋಲರ್ ಇರುವ ಒಳಭಾಗ) 18590, ಕಪ್ (ಬೋರ್‌ಗೆ ಕೂರುವ ಹೊರ ಬಳೆ) 18520. ನಕಲ್ ಹೊರಳುವ ಗೂಟವಾದ ಕಿಂಗ್ ಪಿನ್‌ಗೆ ಮೇಲೆ ಕೆಳಗೆ ಕೋನ್ 11590, ಕಪ್ 11520. ಮಹೀಂದ್ರಾ ಎಂಎಂ ಸರಣಿಯ ಗಾಡಿ ಇದ್ದವರು ತಮ್ಮ ಹಳೆಯ ಬೇರಿಂಗ್ ಮೇಲಿನ ನಂಬರ್ ಓದಿಕೊಂಡು ಕೊಳ್ಳಲಿ.

ಮೊದಲು ದುಡ್ಡು ಕಳೆದ ಲೆಕ್ಕ. ಸಡಿಲವಾದ ಕಪ್ ಹಿಡಿಯಲೆಂದು ಬೋರ್ ಒಳಗೆ ಸುತ್ತಲೂ ಪಂಚ್ ಚುಕ್ಕಿ ಹೊಡೆಸಿದ್ದು ಒಂಬೈನೂರು ಕಿ.ಮೀ. ಬಾಳಿತು. ಚುಕ್ಕಿಯ ತುದಿಗಳಷ್ಟೇ ಕಪ್ಪನ್ನು ಮುಟ್ಟುತ್ತವೆ. ಎರಡು ಸಲ ತಗ್ಗಿಗೆ ಬಿದ್ದರೆ ಅವು ಚಪ್ಪಟೆಯಾಗಿ ಕಪ್ ಮತ್ತೆ ತಿರುಗತೊಡಗುತ್ತದೆ. ಆಮೇಲೆ ತಗಡಿನ ಪಟ್ಟಿ ಸುತ್ತಿ ಹೊಡೆದದ್ದು ಇನ್ನೂ ಕೆಟ್ಟದಾಯಿತು. ಪಟ್ಟಿಯ ಎರಡು ತುದಿ ಸೇರುವಲ್ಲಿ ಕಪ್ ಓರೆಯಾಗಿ ಕೂತು, ನಾನೂರು ಕಿ.ಮೀ.ಗೆ ರೋಲರ್ ಒಂದು ಬದಿ ಸುಲಿಯಿತು. ಇವೆರಡಕ್ಕೆ ಎರಡು ಜೊತೆ ಬೇರಿಂಗ್, ಸೀಲ್, ಗ್ರೀಸ್, ಕೂಲಿ ಸೇರಿ ಆರು ಸಾವಿರದ ಹತ್ತಿರ ಹೋಯಿತು. ನಡುವೆ ಒಂದು ಅಂಗಡಿಯಿಂದ ತಂದ ಬೇರಿಂಗ್ ನಕಲಿ. ಡಬ್ಬಿ ಅಚ್ಚುಕಟ್ಟಾಗಿತ್ತು, ಆದರೆ ಕೋನ್ ಮೇಲಿನ ಅಕ್ಷರಗಳನ್ನು ಲೇಸರ್‌ನಲ್ಲಿ ಸುಟ್ಟಿರಲಿಲ್ಲ, ಉಳಿಯಿಂದ ಕೊರೆದಂತಿದ್ದವು. ಒಂದು ರೋಲರ್ ಮೇಲೆ ಅರ ಎಳೆದರೆ ಗೀರು ಬಿತ್ತು. ಅಸಲಿ ರೋಲರ್ ಮೇಲೆ ಅರ ಜಾರಿ ಹೋಗುತ್ತದೆ, ಕಚ್ಚುವುದಿಲ್ಲ.

ಹಳೆಯ ಬೇರಿಂಗ್ ಬಿಸಾಡುವ ಮುನ್ನ ಓದಿ. ಡೀಸೆಲ್‌ನಲ್ಲಿ ತೊಳೆದು ಬೆಳಕಿಗೆ ಹಿಡಿದರೆ ಕಾರಣ ಅಲ್ಲೇ ಇರುತ್ತದೆ. ರೋಲರ್‌ನ ದಪ್ಪ ತುದಿ ನೀಲಿಗಟ್ಟಿದ್ದರೆ ನಟ್ ಅತಿ ಬಿಗಿ ಅಥವಾ ಗ್ರೀಸ್ ಒಣಗಿದೆ. ಕಪ್‌ನ ಹೊರಮೈ ಕನ್ನಡಿಯಂತೆ ಹೊಳೆದರೆ ಅದು ಹಬ್ ಒಳಗೆ ಸುತ್ತಿದೆ. ಕಪ್‌ನ ಓಟದ ದಾರಿ ಒಂದು ಬದಿ ಅಗಲ, ಎದುರು ಬದಿ ಕಿರಿದಾಗಿದ್ದರೆ ಕಪ್ ಓರೆ ಕೂತಿದೆ. ರೋಲರ್‌ಗಳ ಅಂತರದಲ್ಲೇ ಕಪ್ಪು ಗೆರೆಗಳಿದ್ದರೆ ನೀರು ಹೊಕ್ಕು ಗಾಡಿ ನಿಂತಿತ್ತು ಎಂದರ್ಥ. ಮೈಯೆಲ್ಲ ಬೂದು ಬಣ್ಣಕ್ಕೆ ತಿರುಗಿ ಹೊಳಪು ಹೋಗಿದ್ದರೆ ಧೂಳು. ಸಂಡೂರು, ದೋಣಿಮಲೈ ಕಡೆ ಓಡುವ ಗಾಡಿಗಳಲ್ಲಿ ಇದೇ ಹೆಚ್ಚು. ಗಾಜು, ಲೋಹ ಹೊಳಪಿಸಲು ಬಳಸುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ, ನಮ್ಮ ಅದಿರಿನ ಧೂಳೂ ಅದೇ. ಅದು ಗ್ರೀಸ್‌ಗೆ ಬೆರೆತರೆ ಬೇರಿಂಗನ್ನು ದಿನವೂ ಅರೆಯುತ್ತದೆ.

ಈಗ ಸ್ಲೀವ್. 18520 ಕಪ್‌ನ ಹೊರ ವ್ಯಾಸ 73.025 ಮಿ.ಮೀ. ಬೋರ್ ಅದಕ್ಕಿಂತ ಒಂದೂವರೆ, ಎರಡು ಥೌ (ಇಂಚಿನ ಸಾವಿರದಲ್ಲೊಂದು ಪಾಲು) ಚಿಕ್ಕದಿರಬೇಕು. ನನ್ನ ಎಡ ಹಬ್‌ನ ಒಳಬದಿ 73.20 ತೋರಿಸಿತು. ಅಂದರೆ ಕಪ್ ಕೈಯಲ್ಲಿ ಬೀಳುತ್ತಿತ್ತು. ಬೋರನ್ನು ಹೆಗಲಿನವರೆಗೆ (ಕಪ್ ತಾಗಿ ನಿಲ್ಲುವ ಒಳಮೆಟ್ಟಿಲು) 78 ಮಿ.ಮೀ.ಗೆ ತೆಗೆಸಿ, ಇಎನ್8 ಉಕ್ಕಿನ ಸ್ಲೀವ್ ಮಾಡಿಸಿದೆ. ಸ್ಲೀವ್‌ನ ಹೊರ ವ್ಯಾಸ ಬೋರ್‌ಗಿಂತ 0.06 ಹೆಚ್ಚು, ಒಳ ವ್ಯಾಸ ಬೇಕಂತಲೇ 72ಕ್ಕೆ ಬಿಟ್ಟಿದ್ದು. ಹಬ್ಬನ್ನು ಮರಳಿನ ಬಾಣಲೆಯಲ್ಲಿ 160 ಡಿಗ್ರಿ ಸುಮಾರಿಗೆ ಕಾಯಿಸಿ, ಸ್ಲೀವನ್ನು ರಾತ್ರಿಯೆಲ್ಲ ಫ್ರಿಜ್‌ನ ಮೇಲಿನ ಅರೆಯಲ್ಲಿಟ್ಟು ಇಳಿಸಿದರೆ ಸುತ್ತಿಗೆ ಮುಟ್ಟಿಸದೆ ತಳ ಸೇರುತ್ತದೆ. ತಳ ಸೇರಿದ ಕೂಡಲೇ ಮೇಲಿಂದ ಭಾರ ಹೇರಿ ಹಿಡಿಯಬೇಕು. ಇಲ್ಲದಿದ್ದರೆ ಆರುವಾಗ ಹೆಗಲಿನಿಂದ ಕೂದಲೆಳೆಯಷ್ಟು ಮೇಲೇಳುತ್ತದೆ. ಪೂರ್ತಿ ಆರಿದ ಮೇಲೆ ಒಳ ವ್ಯಾಸವನ್ನು 72.98ಕ್ಕೆ ಮುಗಿಸುವುದು. ಮೊದಲೇ ಮುಗಿಸಿ ಕೂರಿಸಿದರೆ ಹಬ್ ಹಿಂಡಿ ಅಳತೆ ಕೆಡುತ್ತದೆ. ಮೊದಲ ಸ್ಲೀವ್ ಹಾಳಾದದ್ದು ಅದರಿಂದಲೇ, ಮುನ್ನೂರು ರೂಪಾಯಿ ನಷ್ಟ.

ಇದು ಒಳಬದಿಗೆ ಮಾತ್ರ. ಹೊರಬದಿಯಲ್ಲಿ ಡ್ರೈವ್ ಫ್ಲಾಂಜ್‌ನ (ಶಾಫ್ಟನ್ನು ಹಬ್‌ಗೆ ಜೋಡಿಸುವ ಬಿಲ್ಲೆ) ಆರು ಬೋಲ್ಟ್ ತೂತುಗಳು ಬೋರ್‌ಗೆ ತೀರ ಹತ್ತಿರ ಇವೆ. ಅಲ್ಲಿ ಗೋಡೆ ಕಡಿಮೆ ಮಾಡಿದರೆ ಮೇಸ್ತ್ರಿಗಳು ಹೇಳಿದಂತೆ ಸೀಳುವುದು ಖಂಡಿತ. ನನ್ನ ಹೊರ ಬೋರ್ 0.04 ಸಡಿಲ ಇತ್ತು. ಅಲ್ಲಿ ಲಾಕ್‌ಟೈಟ್ 638 ಅಂಟು ಹಚ್ಚಿ ಕೂರಿಸಿದೆ. ಕಪ್ಪನ್ನೂ ಬೋರನ್ನೂ ಥಿನ್ನರ್‌ನಲ್ಲಿ ಒರೆಸಬೇಕು. ಪೆಟ್ರೋಲ್ ಬೇಡ, ಎಣ್ಣೆಯ ಪದರ ಉಳಿಯುತ್ತದೆ. ಒಂದು ದಿನ ಮುಟ್ಟದೆ ಬಿಡಿ. ಹೊರ ಬೋರ್‌ನ ಸಡಿಲ 0.1 ಮಿ.ಮೀ. ದಾಟಿದ್ದರೆ ಆ ಹಬ್ ಬಿಟ್ಟುಬಿಡುವುದೇ ಸರಿ.

ಎರಡು ಕಪ್‌ಗಳ ನಡು ಒಂದೇ ಗೆರೆಯಲ್ಲಿರಬೇಕು, ಇಡೀ ಕೆಲಸದ ಜೀವ ಅಲ್ಲಿದೆ. ಬ್ರೇಕ್ ಡ್ರಮ್ ಹಿಡಿದು ಬೋರ್ ಮಾಡುವ ಲೇತಿನವರಿಗೆ ಹಬ್ ಕೊಡಬೇಡಿ. ಡ್ರಮ್ಮೇ ಅಲುಗಿರುತ್ತದೆ. ಹೊರ ಕಪ್‌ನ ಸೀಟನ್ನೇ ಆಧಾರ ಮಾಡಿಕೊಂಡು ಹಿಡಿಯುವ ಒಂದು ಮ್ಯಾಂಡ್ರಿಲ್ (ಲೇತಿಗೆ ಹಬ್ ಕಟ್ಟುವ ದಿಂಡು) ಮಾಡಿಸಿಕೊಂಡಿದ್ದೇನೆ. ಅದರ ರಚನೆ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಆಧಾರ ಎಲ್ಲಿ ಎಂದು ಹೇಳಿದ ಮೇಲೆ ಬಲ್ಲ ಲೇತಿನವರಿಗೆ ಉಳಿದದ್ದು ಹೊಳೆಯುತ್ತದೆ. ಅದೇ ಮ್ಯಾಂಡ್ರಿಲ್ ಮೇಲೆ ಡ್ರಮ್ಮನ್ನೂ ಒಂದು ಕೈ ತಿರುಗಿಸಿದೆ, ಬ್ರೇಕ್ ಒತ್ತಿದಾಗಿನ ನಡುಕವೂ ಹೋಯಿತು. ಡ್ರಮ್ ಬೇರ್ಪಡಿಸುವುದಾದರೆ ಸ್ಟಡ್‌ನ ಅಗಲಿಸಿದ ಕೊರಳನ್ನು ಕತ್ತರಿಸಿಯೇ ಸ್ಟಡ್ ಒತ್ತಬೇಕು. ಹಾಗೇ ಹೊಡೆದರೆ ಹಬ್‌ನ ತೂತು ಅಗಲವಾಗಿ ಹೊಸ ಸ್ಟಡ್ ನಿಲ್ಲುವುದಿಲ್ಲ. ಹಳೆಯ ಗಾಡಿಗಳಲ್ಲಿ ಎಡ ಚಕ್ರದ ಸ್ಟಡ್‌ಗೆ ಎಡ ಮರೆ (ಎಡಕ್ಕೆ ಬಿಗಿಯುವ ತಿರುಪು) ಇರುತ್ತದೆ, ಅದನ್ನೂ ನೋಡಿ ತರಿಸಿ.

ಹೆಗಲಿನ ಹಿಂದೆ ಸಿಕ್ಕಿಕೊಂಡ ಕಪ್ ತೆಗೆಯಲು ಒಳಮೈ ಸುತ್ತ ಒಂದು ಗೆರೆ ವೆಲ್ಡ್ ಎಳೆಸಿ. ಆರುತ್ತ ಕುಗ್ಗಿ ತಾನಾಗಿಯೇ ಬೀಳುತ್ತದೆ. ಹೊಸ ಕಪ್ ಹೊಡೆಯಲು ಹಳೆಯ ಕಪ್‌ನ ಹೊರಮೈ ಗ್ರೈಂಡರ್‌ನಲ್ಲಿ ಅರ್ಧ ಮಿ.ಮೀ. ತೆಗೆದು ಇಟ್ಟುಕೊಳ್ಳಿ. ಕಪ್ ತಳ ಮುಟ್ಟಿದಾಗ ಸುತ್ತಿಗೆಯ ಸದ್ದು ಮಂಕಿನಿಂದ ‘ಖಣ್’ ಎನ್ನುವುದಕ್ಕೆ ಬದಲಾಗುತ್ತದೆ. ಆದರೂ ಕಿವಿಯನ್ನಷ್ಟೇ ನಂಬದೆ ತೆಳ್ಳನೆಯ ಫೀಲರ್ (ಸಂದು ಅಳೆಯುವ ತಗಡು) ಹಾಕಿ ಸುತ್ತಲೂ ನೋಡಿ.

ಸ್ಪಿಂಡಲ್ (ಕೋನ್‌ಗಳು ಕೂರುವ ಟೊಳ್ಳು ದಂಡ) ವಿಷಯದಲ್ಲಿ ನಾನು ತಪ್ಪು ದಾರಿ ಹಿಡಿದಿದ್ದೆ. 18590ರ ಒಳ ವ್ಯಾಸ 41.275. ಕೋನ್ ಸ್ಪಿಂಡಲ್ ಮೇಲೆ ಕೈಯಲ್ಲಿ ಜಾರುವಷ್ಟು ಸಡಿಲ ಇರುವುದು ಸರಿಯೇ, ಆದರೆ ನನ್ನದರ ಕೆಳಮೈ 0.15ರಷ್ಟು ತಗ್ಗಿತ್ತು. ಹಾರ್ಡ್ ಕ್ರೋಮ್ ಮಾಡಿಸಿದೆ, ಸಾವಿರದ ಮುನ್ನೂರು ಕೊಟ್ಟೆ. ಕ್ರೋಮ್ ಏರಿಸುವ ಮುನ್ನ ಹಳೆಯ ಗೀರುಗಳನ್ನು ಗ್ರೈಂಡ್ ಮಾಡಿ ತೆಗೆದಿರಲಿಲ್ಲ, ಹಾಗಾಗಿ ಮೂರು ತಿಂಗಳಲ್ಲಿ ಪದರ ಎದ್ದಿತು. ಕೊನೆಗೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸ ಸ್ಪಿಂಡಲ್ ಬಂತು, ಎರಡೂವರೆ ಸಾವಿರದ ಆಸುಪಾಸು. ಹೊಸದಾದರೂ ಒಳಗಿನ ಗನ್‌ಮೆಟಲ್ ಬುಷ್ ನೋಡಿಕೊಳ್ಳಿ. ಅದು ಸವೆದರೆ ಶಾಫ್ಟ್ ಜೋಲುತ್ತದೆ, ನಕಲ್‌ನ ಎಣ್ಣೆ ಆ ದಾರಿಯಲ್ಲೇ ಹಬ್‌ಗೆ ಬಂದು ಗ್ರೀಸನ್ನು ತೊಳೆಯುತ್ತದೆ, ಆಮೇಲೆ ಬ್ರೇಕ್ ಲೈನರ್ ಒದ್ದೆ. ಹಬ್ ಬಿಚ್ಚಿದಾಗ ಗ್ರೀಸ್ ಪಾಯಸದಂತಿದ್ದರೆ ಹಬ್ ಸೀಲನ್ನು ಬೈಯಬೇಡಿ. ಆಕ್ಸಲ್ ಟ್ಯೂಬಿನ ಸೀಲ್ ಮತ್ತು ಈ ಬುಷ್ ನೋಡಿ.

ಕಿಂಗ್ ಪಿನ್ ಮೊದಲು ಮುಗಿಯಬೇಕು. ಆಟವಿರುವ, ಅಂದರೆ ಅಲುಗಾಡುವ, ಕಿಂಗ್ ಪಿನ್ ಮೇಲೆ ಹಬ್‌ನ ಆಟ ಅಳೆದರೆ ಎರಡೂ ಬೆರೆತುಹೋಗುತ್ತವೆ. ಶಿಮ್‌ಗಳು (ಸಂದು ತುಂಬುವ ತೆಳು ತಗಡುಗಳು) 3, 5, 10, 30 ಥೌ ದಪ್ಪದವು. ಮೇಲೆ ಕೆಳಗೆ ಸಮನಾಗಿ ಹಂಚಿ, ಶಾಫ್ಟ್ ನಡುವಿನಲ್ಲಿ ಇರಬೇಕಲ್ಲ. ನಕಲ್ ಸೀಲ್ ಹಾಕುವ ಮುನ್ನ ಸ್ಟೇರಿಂಗ್ ತೋಳಿನ ತೂತಿಗೆ ಕೊಕ್ಕೆಯ ಸ್ಪ್ರಿಂಗ್ ತ್ರಾಸು ಸಿಕ್ಕಿಸಿ ಎಳೆದರೆ ಎರಡು, ಎರಡೂವರೆ ಕಿಲೋಗೆ ಹೊರಳಬೇಕು. ಮೊದಲು ಒಂದು ಕಿಲೋಗೇ ಹೊರಳುತ್ತಿತ್ತು. ನಲವತ್ತೈದರ ವೇಗದಲ್ಲಿ ಸ್ಟೇರಿಂಗ್ ಗಡಗಡ ನಡುಗುತ್ತಿದ್ದುದು ಅದಕ್ಕೇ. ಟೈರ್ ಬ್ಯಾಲೆನ್ಸಿಂಗ್‌ಗೆ ಎರಡು ಸಲ ಕೊಟ್ಟ ದುಡ್ಡು ದಂಡ.

ಗ್ರೀಸ್‌ನಲ್ಲಿ ಒಂದು ಪ್ರಯೋಗ ಮಾಡಿದೆ. ಎರಡು ತಗಡಿಗೆ ಅಗ್ಗದ ಚಾಸಿ ಗ್ರೀಸ್ ಮತ್ತು ಲಿಥಿಯಂ ಗ್ರೀಸ್ ಬಳಿದು ಮೇ ತಿಂಗಳ ಬಿಸಿಲಲ್ಲಿ ಎಕ್ಸಾಸ್ಟ್ ಹತ್ತಿರ ಕಟ್ಟಿದೆ. ಚಾಸಿ ಗ್ರೀಸ್ ಸಂಜೆಗೆ ಹರಿದು ನೆಲಕ್ಕಿಳಿದಿತ್ತು. ಅದರ ಕ್ಯಾಲ್ಸಿಯಂ ಸಾಬೂನು ನೂರು ಡಿಗ್ರಿಯ ಒಳಗೇ ಕರಗುತ್ತದೆ, ಲಿಥಿಯಂ 180 ಆಚೀಚೆ ತಡೆಯುತ್ತದೆ. ಇನ್ನೊಂದು ತಗಡಿನಲ್ಲಿ ಲಿಥಿಯಂ ಜೊತೆ ಜೇಡಿ ಆಧಾರಿತ ಗ್ರೀಸ್ ಬೆರೆಸಿದ್ದೆ. ಎರಡೂ ಬಿಡಿಬಿಡಿಯಾಗಿ ಗಟ್ಟಿ, ಬೆರೆತ ಮೇಲೆ ಗಂಜಿ. ಹಾಗಾಗಿ ಡಬ್ಬಿ ಬದಲಿಸಿದರೆ ಹಳೆಯದನ್ನು ಪೂರ್ತಿ ತೊಳೆಯಲೇಬೇಕು. ಒಂದು ಬದಿಗೆ 150 ಗ್ರಾಂ ಸಾಕು: ರೋಲರ್‌ಗಳ ನಡುವೆ ಅಂಗೈಯಿಂದ ಒತ್ತಿ ತುಂಬಿ, ಹಬ್‌ನ ಹೊಟ್ಟೆಯಲ್ಲಿ ಮೂರನೇ ಒಂದು ಭಾಗ. ಪೂರ್ತಿ ತುಂಬಿದರೆ ಕಾದಾಗ ಸೀಲ್ ದಾಟಿ ಲೈನರ್‌ಗೆ ಬರುತ್ತದೆ. ನಕಲ್ ಗೋಳದೊಳಗೆ 140 ಗೇರ್ ಆಯಿಲ್‌ಗೆ ಸ್ವಲ್ಪ ಗ್ರೀಸ್ ಬೆರೆಸಿ ಹಾಕುತ್ತೇನೆ, ಸವೆದ ಗೋಳವೂ ಸೋರುವುದಿಲ್ಲ. ಬೆರಕೆಯ ಪ್ರಮಾಣ ಮಾತ್ರ ನನ್ನಲ್ಲೇ ಇರಲಿ. ಗೋಳದ ಮೇಲಿನ ತುಕ್ಕಿನ ಗುಳಿಗಳನ್ನು ಎಮರಿ ಕಾಗದದಿಂದ ನಯ ಮಾಡದೆ ಹೊಸ ಫೆಲ್ಟ್ ಹಾಕಿದರೆ ಯಾವ ಪ್ರಮಾಣವೂ ನಿಲ್ಲುವುದಿಲ್ಲ.

ನಟ್ ಬಿಗಿಯುವಾಗ ಹೆಚ್ಚಿನವರು ಕೆಡಿಸುತ್ತಾರೆ. ಉಳಿ ಇಟ್ಟು ಹೊಡೆಯಬೇಡಿ, ಎರಡು ಇಂಚು ಒಂದು ಸೂತಕ್ಕಿಂತ (ಸೂತ ಅಂದರೆ ಇಂಚಿನ ಎಂಟನೇ ಒಂದು) ತುಸು ಕಡಿಮೆಯ ಆರು ಮೂಲೆಯ ಪಾನಾ ಪೈಪ್‌ನಲ್ಲಿ ಮಾಡಿಸಿಕೊಳ್ಳಿ. ಚಕ್ರ ತಿರುಗಿಸುತ್ತ ಒಳ ನಟ್ಟನ್ನು ಚಕ್ರ ಹಿಡಿಯುವವರೆಗೆ ಬಿಗಿದು, ಹತ್ತು ಸುತ್ತು ತಿರುಗಿಸಿ, ಆರನೇ ಒಂದು ಸುತ್ತು ಬಿಚ್ಚುವುದು ಹಳೆಯ ಪದ್ಧತಿ. ಅಲ್ಲಿಗೆ ನಿಲ್ಲಿಸಬಾರದು. ಲಾಕ್ ವಾಷರ್ ಹಾಕಿ ಹೊರ ನಟ್ ಬಿಗಿದಾಗ ಒಳ ನಟ್ ಮರೆಯ ಸಡಿಲದಷ್ಟು ಒಳಕ್ಕೆ ಜರುಗುತ್ತದೆ, ಇದ್ದ ಆಟ ಮಾಯವಾಗುತ್ತದೆ. ಆದ್ದರಿಂದ ಹೊರ ನಟ್ ಬಿಗಿದ ಮೇಲೆಯೇ ಡಯಲ್ ಗೇಜ್ ಇಟ್ಟು ನೋಡಬೇಕು. ನಾನು 0.05ರಿಂದ 0.08 ಮಿ.ಮೀ. ಆಟ ಇಡುತ್ತೇನೆ. ಮೂರು ಸಲ ಬಿಚ್ಚಿ ಕಟ್ಟಬೇಕಾಗಬಹುದು, ಬೇಸರಿಸಬೇಡಿ. ವಾಷರ್‌ನ ನಾಲಿಗೆ ಸವೆದಿದ್ದರೆ ಹೊಸದು ಹಾಕಿ. ಇಪ್ಪತ್ತು ರೂಪಾಯಿಯ ಆ ವಾಷರ್ ಉಳಿಸಲು ಹೋದರೆ ಒಳ ನಟ್ ಚಕ್ರದ ಜೊತೆ ತಿರುಗಿ ತಾನೇ ಬಿಗಿದುಕೊಳ್ಳುತ್ತದೆ ಇಲ್ಲವೇ ಬಿಚ್ಚಿಕೊಳ್ಳುತ್ತದೆ.

ಎರಡೂ ಬದಿಯ ಬೇರಿಂಗ್, ಕಿಂಗ್ ಪಿನ್ ಸೆಟ್, ಸೀಲ್, ಒಂದು ಸ್ಪಿಂಡಲ್, ಲೇತ್, ಎಲ್ಲ ಸೇರಿ ಹದಿನೈದು ಸಾವಿರ ದಾಟಲಿಲ್ಲ. ಸ್ಲೀವಿನ ಕೆಲಸಕ್ಕೆ ಅದರಲ್ಲಿ ಒಂದು ಸಾವಿರದ ಎಂಟುನೂರು.

ಪರೀಕ್ಷೆಗೆ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಐವತ್ತೈದು ಕಿ.ಮೀ. ಓಡಿಸಿ, ದಾರಿಯಲ್ಲಿ ಮೂರು ಕಡೆ ನಿಲ್ಲಿಸಿ ಬಂದೂಕಿನಾಕಾರದ ತಾಪಮಾಪಕದಿಂದ ಹಬ್ ನೋಡಿದೆ. ಹೊರಗೆ ನಲವತ್ತು ಡಿಗ್ರಿ ಇದ್ದಾಗ ಎರಡೂ ಹಬ್ 56ರಿಂದ 60ರ ನಡುವೆ ಇದ್ದವು. ಎಡ ಬಲಗಳ ವ್ಯತ್ಯಾಸ ಹತ್ತು ದಾಟಿದರೆ ಬೇರಿಂಗ್ ಬಿಗಿ ಅಥವಾ ಬ್ರೇಕ್ ಹಿಡಿದಿದೆ. ಯಾವುದೆಂದು ತಿಳಿಯಲು ಮುಂದಿನ ಐದು ಕಿ.ಮೀ. ಬ್ರೇಕ್ ಮುಟ್ಟದೆ ಓಡಿಸಿ ಮತ್ತೆ ನೋಡಿ.

ಗಂಗಾವತಿ, ಸಿಂಧನೂರು ಕಡೆಯ ಗದ್ದೆಗಳಿಗೆ ಇಳಿಸುವವರಿಗೆ ಒಂದು ಮಾತು. ರಸ್ತೆಯಲ್ಲಿ ಓಡಿ ಕಾದ ಹಬ್ಬನ್ನು ನೇರ ಕಾಲುವೆ ನೀರಿಗೆ ಇಳಿಸಿದರೆ ಒಳಗಿನ ಗಾಳಿ ಥಟ್ಟನೆ ಕುಗ್ಗಿ ಸೀಲ್ ಅಂಚಿನಿಂದ ನೀರೆಳೆದುಕೊಳ್ಳುತ್ತದೆ. ಸೀಲ್ ಹೊಸದಿದ್ದರೂ ಹೀಗೆಯೇ. ಇಳಿಸುವ ಮುನ್ನ ಕಾಲು ಗಂಟೆ ನಿಲ್ಲಿಸಿ. ಆಕ್ಸಲ್‌ನ ಉಸಿರುಗೊಳವೆ ಮಣ್ಣು ಕಟ್ಟಿದೆಯೇ ಎಂದು ಅಷ್ಟರಲ್ಲಿ ನೋಡಬಹುದು. ನಾಟಿ ಮುಗಿದ ಮೇಲೆ ಒಂದು ಬದಿಯ ಫ್ಲಾಂಜ್ ಬಿಚ್ಚಿ ಹೊರ ಬೇರಿಂಗ್‌ನ ಗ್ರೀಸ್ ಬೆರಳಿಗೆ ತೆಗೆದುಕೊಳ್ಳಿ. ಹಾಲಿನ ಬಣ್ಣ ತಿರುಗಿದ್ದರೆ ಎರಡೂ ಬದಿ ಅಂದೇ ತೊಳೆಯಿರಿ. ನಿಂತ ಗಾಡಿಯ ರೋಲರ್‌ಗೆ ಒಂದು ವಾರದಲ್ಲಿ ಕಪ್ಪು ಗೆರೆ ಬೀಳುತ್ತದೆ.