ಪಟಾಕಿ ಹಚ್ಚುವ ಸಂಜೆಗೆ ಬೇಕಾದ ರಕ್ಷಣಾ ಸಾಮಗ್ರಿ

ದೀಪಾವಳಿ ಹತ್ತಿರವಾದಂತೆ, ಪಟಾಕಿಯನ್ನು ಮನೆಯಲ್ಲೇ ತಯಾರಿಸಬಹುದೇ, ಅದಕ್ಕೆ ಎಂತಹ ಕೈಗವಸು, ಎಂತಹ ಕನ್ನಡಕ ಬೇಕು ಎಂದು ಕೇಳುವ ಹವ್ಯಾಸಿಗಳು ಪ್ರತಿವರ್ಷವೂ ಇರುತ್ತಾರೆ. ಮದ್ದು ಬೆರೆಸುವ ಕೆಲಸಕ್ಕೆ ಸಾಕಾಗುವಂತಹ ರಕ್ಷಣಾ ಸಾಮಗ್ರಿ ಮನೆಯ ಮಟ್ಟದಲ್ಲಿ ಇಲ್ಲವೇ ಇಲ್ಲ. ಕೊಂಡು ತಂದ ಪಟಾಕಿಯನ್ನು ಹಚ್ಚುವುದಕ್ಕೆ ಬೇಕಾದದ್ದು ಊರಿನ ಅಂಗಡಿಗಳಲ್ಲೇ ಸಿಗುತ್ತದೆ, ಆದರೆ ಸಾವಿರಾರು ರೂಪಾಯಿಯ ಪಟಾಕಿ ಕೊಳ್ಳುವವರೂ ಅದನ್ನು ಕೊಳ್ಳುವುದಿಲ್ಲ.

ಮೊದಲನೆಯ ಮಾತಿಗೆ ಕಾರಣ ತಿಳಿಯಬೇಕಾದರೆ ಶಿವಕಾಶಿಯ ಪರವಾನಗಿ ಇರುವ ಕಾರ್ಖಾನೆಗಳಿಗೆ ವಿಧಿಸಿರುವ ಕಟ್ಟುಪಾಡುಗಳನ್ನು ನೋಡಬೇಕು. ಅಲ್ಲಿ ಒಂದು ದೊಡ್ಡ ಕಟ್ಟಡದ ಬದಲು ದೂರದೂರಕ್ಕೆ ಕಟ್ಟಿದ ಚಿಕ್ಕ ಚಿಕ್ಕ ಕೋಣೆಗಳಿರುತ್ತವೆ. ಒಂದು ಸಿಡಿದರೆ ಪಕ್ಕದ್ದು ಉಳಿಯಲಿ ಎಂಬುದು ಲೆಕ್ಕ. ಓಡಿ ಪಾರಾಗಲು ಒಂದಕ್ಕಿಂತ ಹೆಚ್ಚು ಬಾಗಿಲುಗಳಿದ್ದು, ಒಳಗೆ ಬೆರಳೆಣಿಕೆಯ ಜನ ಮಾತ್ರ ಕೆಲಸ ಮಾಡಬೇಕು. ಒಳಗೆ ಕಾಲಿಡುವ ಮೊದಲು ಮೈಯಲ್ಲಿ ಸೇರಿಕೊಂಡ ಸ್ಥಾಯೀ ವಿದ್ಯುತ್ತು ನೆಲಕ್ಕೆ ಹರಿದುಹೋಗಲು ಲೋಹದ ತಗಡನ್ನು ಮುಟ್ಟಬೇಕು, ಹತ್ತಿಯ ಬಟ್ಟೆಯನ್ನೇ ತೊಡಬೇಕು, ಕಿಡಿ ಹಾರಿಸುವ ಕಬ್ಬಿಣದ ಉಪಕರಣಗಳನ್ನು ಬಿಟ್ಟು ಮರ, ಹಿತ್ತಾಳೆಯಂತಹವನ್ನು ಬಳಸಬೇಕು, ರಾಸಾಯನಿಕ ಬೆರೆಸುವ ಕೆಲಸವನ್ನು ಬಿಸಿಲೇರುವ ಮೊದಲೇ ಮುಗಿಸಬೇಕು. ಇಷ್ಟೆಲ್ಲ ಇದ್ದೂ ಅಲ್ಲಿ ಜನ ಸಾಯುತ್ತಲೇ ಇದ್ದಾರೆ. ಮಿಶ್ರಣ ಒಮ್ಮೆ ಸಿದ್ಧವಾದ ಮೇಲೆ ಒಂದಿಷ್ಟು ತಿಕ್ಕಾಟ, ಒಂದು ಸಣ್ಣ ಕಿಡಿ ಸಾಕು, ಕನ್ನಡಕವಾಗಲಿ ಚರ್ಮದ ಕೈಗವಸಾಗಲಿ ಅದನ್ನು ತಡೆಯಲಾರದು. 1884ರ ಸ್ಫೋಟಕ ಕಾಯ್ದೆ ಮತ್ತು 2008ರ ಸ್ಫೋಟಕ ನಿಯಮಗಳ ಪ್ರಕಾರ ಪರವಾನಗಿ ಇಲ್ಲದೆ ಪಟಾಕಿ ತಯಾರಿಸುವುದು ಅಪರಾಧವೂ ಹೌದು. ನಾಲ್ಕು ಪಟಾಕಿಯ ಮದ್ದು ಸುರಿದು ಒಂದು ದೊಡ್ಡ ಪಟಾಕಿ ಕಟ್ಟುವ ಹುಡುಗರ ಆಟವೂ ತಯಾರಿಕೆಯೇ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದ ಅನೇಕ ಮಕ್ಕಳ ಕಣ್ಣಿಗೆ ಗಾಯ ಮಾಡಿದ, ಪೈಪಿನೊಳಗೆ ಕಾರ್ಬೈಡ್ ಮತ್ತು ನೀರು ಸೇರಿಸಿ ಸಿಡಿಸುವ ಕಾರ್ಬೈಡ್ ಗನ್ ಕೂಡ ಇದೇ ಸಾಲಿಗೆ ಸೇರುತ್ತದೆ. ಆದ್ದರಿಂದ ಮುಂದಿನ ಮಾತೆಲ್ಲ ಹಚ್ಚುವವರಿಗೆ ಮತ್ತು ನಿಂತು ನೋಡುವವರಿಗೆ.

ಕಣ್ಣಿನಿಂದ ಆರಂಭಿಸಬೇಕು. ಸುಟ್ಟ ಚರ್ಮ ಬಹುಮಟ್ಟಿಗೆ ಮಾಯುತ್ತದೆ, ಹರಿದ ಕಣ್ಣುಗುಡ್ಡೆ ಮೊದಲಿನಂತಾಗುವುದು ಅಪರೂಪ. ಬೆಂಗಳೂರಿನ ಮಿಂಟೊ ಕಣ್ಣಿನ ಆಸ್ಪತ್ರೆ ಪ್ರತಿ ದೀಪಾವಳಿಗೂ ಹಗಲಿರುಳು ಸಜ್ಜಾಗಿರುವುದು ಇದಕ್ಕಾಗಿಯೇ. ಅಲ್ಲಿಗೆ ಬರುವವರಲ್ಲಿ ಪಟಾಕಿ ಹಚ್ಚಿದವರಷ್ಟೇ ಅಲ್ಲ, ದಾರಿಯಲ್ಲಿ ಹೋಗುತ್ತಿದ್ದವರು, ಗೇಟಿನ ಬಳಿ ನಿಂತು ನೋಡುತ್ತಿದ್ದ ಮಕ್ಕಳೂ ಇರುತ್ತಾರೆ. ಹೀಗಾಗಿ ಕನ್ನಡಕವನ್ನು ಊದುಬತ್ತಿ ಹಿಡಿದವನಿಗೆ ಒಂದೇ ಒಂದು ಎಂದು ಕೊಳ್ಳದೆ, ಅಂಗಳದಲ್ಲಿರುವ ತಲೆಗೊಂದರಂತೆ ಕೊಳ್ಳಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ವೆಲ್ಡಿಂಗ್, ಗ್ರೈಂಡಿಂಗ್ ಕೆಲಸದವರಿಗಾಗಿ ಇಟ್ಟಿರುವ ಬಣ್ಣವಿಲ್ಲದ ಪಾಲಿಕಾರ್ಬೊನೇಟ್ ಸೇಫ್ಟಿ ಕನ್ನಡಕ ಸಾಕು. ಅದರ ಮೇಲೆ ಭಾರತೀಯ ಮಾನಕವಾದ ಐಎಸ್ 5983, ಯುರೋಪಿನ ಇಎನ್ 166 ಅಥವಾ ಅಮೆರಿಕದ ಝಡ್ 87 ಎಂಬ ಗುರುತುಗಳಲ್ಲಿ ಒಂದಿದೆಯೇ ಎಂದು ನೋಡಿಕೊಳ್ಳಿ. ಪಕ್ಕಗಳೂ ಮುಚ್ಚಿರುವಂಥದ್ದನ್ನೇ ಆರಿಸಿ, ಏಕೆಂದರೆ ಕಿಡಿ ಎದುರಿನಿಂದಲೇ ಬರಬೇಕೆಂದಿಲ್ಲ. ದೃಷ್ಟಿದೋಷಕ್ಕೆ ಹಾಕಿಕೊಳ್ಳುವ ಕನ್ನಡಕ ಇದಕ್ಕೆ ಬದಲಿಯಲ್ಲ, ಅದರ ಮೇಲೆಯೇ ಧರಿಸಬಹುದಾದ ಅಗಲದ ಗಾಗಲ್ಸ್ ಸಿಗುತ್ತವೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಆ ಸಂಜೆಯ ಮಟ್ಟಿಗೆ ತೆಗೆದಿಡುವುದು ಲೇಸು. ಕಪ್ಪು ಕನ್ನಡಕ ಹಾಕಿಕೊಂಡು ಕತ್ತಲಲ್ಲಿ ಬತ್ತಿ ಹುಡುಕುವವರನ್ನೂ ನಾನು ಕಂಡಿದ್ದೇನೆ, ಅದು ಏನೂ ಇಲ್ಲದಿರುವುದಕ್ಕಿಂತ ಅಪಾಯ.

ಬಟ್ಟೆಯ ವಿಚಾರದಲ್ಲಿ ಹಬ್ಬ ಮತ್ತು ಬೆಂಕಿ ಒಂದಕ್ಕೊಂದು ಹೊಂದುವುದಿಲ್ಲ. ಹಬ್ಬಕ್ಕೆಂದು ಮಕ್ಕಳಿಗೆ ಹೊಲಿಸುವ ಜರಿ ಲಂಗ, ನೈಲಾನ್ ದುಪಟ್ಟಾ, ಪಾಲಿಯೆಸ್ಟರ್ ಕುರ್ತಾಗಳು ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತವೆ. ಹತ್ತಿ ಬಟ್ಟೆಯೂ ಉರಿಯುತ್ತದೆ, ಆದರೆ ಕರಗಿ ಚರ್ಮಕ್ಕೆ ಮೆತ್ತಿಕೊಳ್ಳುವುದಿಲ್ಲ. ಪೂಜೆಯ ಬಟ್ಟೆ ಬದಲಿಸಿ, ಮೈಗೆ ಹೊಂದಿಕೊಂಡಿರುವ ದಪ್ಪ ಹತ್ತಿಯ ಉಡುಪು ತೊಡಿಸಿ. ಸೀರೆ ಉಟ್ಟವರು ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಬೇಕು, ಉದ್ದ ಕೂದಲನ್ನು ಬಿಗಿಯಾಗಿ ಕಟ್ಟಬೇಕು. ಕಾಲಿಗೆ ಹವಾಯಿ ಚಪ್ಪಲಿ ಬೇಡ, ಮುಚ್ಚಿದ ಶೂ ಇರಲಿ. ಸುರುಸುರು ಬತ್ತಿ ಉರಿಯುವಾಗ ಅದರ ತುದಿಯ ಬಿಸಿ ಸಾವಿರ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರುತ್ತದೆ, ಬೆಳಕು ಆರಿದ ಮೇಲೂ ಆ ತಂತಿ ಕಾದೇ ಇರುತ್ತದೆ, ಅದನ್ನು ನೆಲಕ್ಕೆ ಎಸೆದ ಮೇಲೆ ತುಳಿಯುವುದು ಯಾವಾಗಲೂ ಇನ್ನೊಂದು ಮಗು. ಕೈಗವಸಿನ ಬಗ್ಗೆ ಮಾತ್ರ ನನಗೆ ಅಷ್ಟು ಉತ್ಸಾಹವಿಲ್ಲ: ರಬ್ಬರಿನದು ಕರಗುತ್ತದೆ, ದಪ್ಪ ಚರ್ಮದ್ದು ಹಾಕಿಕೊಂಡರೆ ಊದುಬತ್ತಿ ಹಿಡಿತಕ್ಕೆ ಸಿಗುವುದಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಪಟಾಕಿಯನ್ನು ಕೈಯಲ್ಲಿ ಹಿಡಿಯಬಹುದೆಂಬ ಭ್ರಮೆ ಹುಟ್ಟುತ್ತದೆ. ಕಿವಿಗೆ ಔಷಧದ ಅಂಗಡಿಯ ಫೋಮ್ ಬೆಣೆ ಸಾಕು, ಪುಟ್ಟ ಮಕ್ಕಳಿಗೆ ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಒಳ್ಳೆಯದು.

ಹಚ್ಚಲು ಬೆಂಕಿಕಡ್ಡಿ, ಲೈಟರ್‌ಗಳನ್ನು ಬಳಸಬೇಡಿ, ಅವು ಕೈಯನ್ನೂ ಮುಖವನ್ನೂ ಬತ್ತಿಯ ಬಳಿಗೇ ಎಳೆಯುತ್ತವೆ. ಉದ್ದನೆಯ ದಪ್ಪ ಊದುಬತ್ತಿಯನ್ನು ಕೋಲಿನ ತುದಿಗೆ ಕಟ್ಟಿಕೊಂಡರೆ ತೋಳು ಮತ್ತು ಕೋಲು ಸೇರಿ ಒಳ್ಳೆಯ ಅಂತರ ಸಿಗುತ್ತದೆ. ಹೂಕುಂಡದ ಮೇಲೆ ಬಗ್ಗದೆ ಪಕ್ಕದಲ್ಲಿ ನಿಂತು, ಮುಖವನ್ನು ಆಚೆ ತಿರುಗಿಸಿ ಹಚ್ಚಿ, ಹಿಂದಕ್ಕೆ ಸರಿಯುವ ದಾರಿಯಲ್ಲಿ ಚಪ್ಪಲಿ, ಪಟಾಕಿ ಡಬ್ಬಿ, ರಂಗೋಲಿಯ ಹಣತೆ ಯಾವುದೂ ಇರದಂತೆ ಮೊದಲೇ ತೆರವು ಮಾಡಿಕೊಳ್ಳಿ. ರಾಕೆಟ್ಟನ್ನು ಗಾಜಿನ ಬಾಟಲಿಯಲ್ಲಿ ನಿಲ್ಲಿಸುವ ಹಳೆಯ ಅಭ್ಯಾಸವನ್ನು ಬಿಡಬೇಕು. ಬಾಟಲಿ ಉರುಳಿದರೆ ರಾಕೆಟ್ ಜನರತ್ತ ನುಗ್ಗುತ್ತದೆ, ಒಡೆದರೆ ಚೂರು ಹಾರುತ್ತದೆ. ಮರಳು ತುಂಬಿದ ಬಕೆಟ್ಟಿನಲ್ಲಿ ನೆಟ್ಟಗೆ ಹೂತಿಟ್ಟ ಕೊಳವೆ ಇದ್ದರೆ ಅಲುಗಾಡುವುದಿಲ್ಲ. ಸುತ್ತ ಅಪಾರ್ಟ್‌ಮೆಂಟಿನ ಬಾಲ್ಕನಿಗಳಿದ್ದರೆ ರಾಕೆಟ್ ತರುವುದೇ ಬೇಡ. ಬಾಂಬಿನ ಮೇಲೆ ತೆಂಗಿನ ಚಿಪ್ಪು, ಡಬ್ಬ, ಮಡಕೆ ಮುಚ್ಚುವ ಚೇಷ್ಟೆಗೆ ಯಾವ ರಕ್ಷಣಾ ಸಾಮಗ್ರಿಯೂ ಇಲ್ಲ. 2024ರ ದೀಪಾವಳಿಯಲ್ಲಿ ಬೆಂಗಳೂರಿನ ಕೋಣನಕುಂಟೆಯಲ್ಲಿ ಪಂದ್ಯ ಕಟ್ಟಿ ಪಟಾಕಿ ಡಬ್ಬದ ಮೇಲೆ ಕುಳಿತ ಯುವಕ ಜೀವ ಕಳೆದುಕೊಂಡ.

ನೀರಿನ ಮಟ್ಟಿಗೆ ನಮ್ಮ ಹಬ್ಬವೇ ಅರ್ಧ ಕೆಲಸ ಮಾಡಿಕೊಟ್ಟಿದೆ. ನೀರು ತುಂಬುವ ಹಬ್ಬದ ದಿನ ಹಂಡೆ ತುಂಬಿಸುವ ಮನೆಯಲ್ಲಿ ಇನ್ನೆರಡು ಬಕೆಟ್ ತುಂಬಿಸಿ ಅಂಗಳಕ್ಕೆ ತಂದಿಡುವುದು ಹೊರೆಯಲ್ಲ. ಒಂದು ಬಕೆಟ್ ಆರಿದ ಸುರುಸುರು ಬತ್ತಿಯ ತಂತಿಗಳಿಗೆ, ಇನ್ನೊಂದು ಯಾರ ಬಟ್ಟೆಗಾದರೂ ಬೆಂಕಿ ಹತ್ತಿದರೆ ಸುರಿಯಲು. ನಲ್ಲಿಗೆ ಪೈಪ್ ಜೋಡಿಸಿಟ್ಟಿದ್ದರೆ ಇನ್ನೂ ಉತ್ತಮ. ಬಟ್ಟೆಗೆ ಬೆಂಕಿ ಹತ್ತಿದವರಿಗೆ ಹೊದಿಸಲು ಒದ್ದೆ ಮಾಡಿದ ದಪ್ಪ ಹತ್ತಿ ಜಮಖಾನವೊಂದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಇಲ್ಲಿ ಒಂದು ಸಂಗತಿ ನೆನಪಿರಬೇಕು: ಪಟಾಕಿಯ ಮದ್ದಿನಲ್ಲಿ ಉರಿಯಲು ಬೇಕಾದ ಆಮ್ಲಜನಕ ಒಳಗೇ ಇರುವುದರಿಂದ, ಉರಿಯುತ್ತಿರುವ ಪಟಾಕಿಯನ್ನು ಮುಚ್ಚಿ ಆರಿಸಲು ಹೋಗಬಾರದು. ದೂರ ಸರಿದು ಅದು ಉರಿದು ಮುಗಿಯಲು ಬಿಡಬೇಕು. ಅಪಾರ್ಟ್‌ಮೆಂಟಿನ ಎಬಿಸಿ ಪುಡಿಯ ಅಗ್ನಿಶಾಮಕ ಸಿಲಿಂಡರ್ ಇರುವುದು ಪಟಾಕಿಯಿಂದ ಹೊತ್ತಿಕೊಂಡ ಪರದೆ, ತರಗೆಲೆ, ವಾಹನಗಳಿಗಾಗಿ. ಅದರ ಒತ್ತಡ ಮಾಪಕದ ಮುಳ್ಳು ಹಸಿರು ಭಾಗದಲ್ಲಿದೆಯೇ ಎಂದು ಹಬ್ಬಕ್ಕೆ ಮೊದಲು ನೋಡಿ, ಪಿನ್ ಎಳೆದು ಜ್ವಾಲೆಯ ಬುಡಕ್ಕೆ ಹಾಯಿಸುವುದನ್ನು ಇಬ್ಬರಾದರೂ ಕಲಿತಿರಲಿ.

ಅತಿ ಹೆಚ್ಚು ತಾಳ್ಮೆ ಬೇಕಾಗುವುದು ಠುಸ್ಸಾದ ಪಟಾಕಿಯ ಮುಂದೆ. ಬತ್ತಿ ಆರಿದಂತೆ ಕಂಡರೂ ಒಳಗೆ ಕೆಂಡ ತೆವಳುತ್ತಿರಬಹುದು. ಹತ್ತಿರ ಹೋಗಿ ಊದುವುದು, ಕಾಲಿನಿಂದ ಒದೆಯುವುದು, ಎತ್ತಿ ನೋಡುವುದು, ಮತ್ತೆ ಹಚ್ಚುವುದು ಯಾವುದನ್ನೂ ಮಾಡಬಾರದು. ಕನಿಷ್ಠ 20 ನಿಮಿಷ ಅದರ ಸುತ್ತ ಯಾರೂ ಸುಳಿಯದಂತೆ ಒಬ್ಬರು ಕಾವಲಿದ್ದು, ಆಮೇಲೆ ದೂರದಿಂದಲೇ ಪೈಪಿನ ನೀರು ಹಾಯಿಸಿ ನೆನೆಸಿ, ಸಲಿಕೆಯಿಂದ ಎತ್ತಿ ನೀರಿನ ಬಕೆಟ್ಟಿಗೆ ಹಾಕಬೇಕು.

ಖರೀದಿಯೂ ರಕ್ಷಣೆಯ ಭಾಗವೇ. 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ದೀಪಾವಳಿಯಂದು ರಾತ್ರಿ 8ರಿಂದ 10ರವರೆಗೆ ಮಾತ್ರ ಪಟಾಕಿ ಹಚ್ಚಲು ಅವಕಾಶ ನೀಡಿ, ಸರಪಟಾಕಿಯನ್ನೂ ಬೇರಿಯಂ ಲವಣ ಬಳಸಿದ ಪಟಾಕಿಗಳನ್ನೂ ನಿಷೇಧಿಸಿತು. ಪೊಟ್ಟಣದ ಮೇಲೆ ಹಸಿರು ಪಟಾಕಿಯ ಗುರುತು, ಕ್ಯೂಆರ್ ಕೋಡ್, ತಯಾರಕರ ಹೆಸರು ಮತ್ತು ಹಚ್ಚುವ ವಿಧಾನ ಇಲ್ಲದಿದ್ದರೆ ಬಿಟ್ಟುಬಿಡಿ. ಹಸಿರು ಎಂದರೆ ಹೊಗೆ ಕಡಿಮೆ ಎಂದಷ್ಟೇ, ಬಿಸಿ ಕಡಿಮೆ ಎಂದಲ್ಲ. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಯ ಬೆಂಕಿ ಹತ್ತಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡದ್ದನ್ನು ನೆನೆದಾದರೂ ಮನೆಯಲ್ಲಿ ದಾಸ್ತಾನು ಮಾಡದೆ ಒಂದು ಸಂಜೆಗೆ ಬೇಕಾದಷ್ಟನ್ನೇ ತನ್ನಿ. ತಂದದ್ದನ್ನು ದೇವರ ದೀಪ, ಒಲೆ, ಇನ್ವರ್ಟರ್‌ಗಳಿಂದ ದೂರ, ಮುಚ್ಚಿದ ರಟ್ಟಿನ ಪೆಟ್ಟಿಗೆಯಲ್ಲಿಡಿ. ಜೇಬಿನಲ್ಲಿ ಪಟಾಕಿ ಬೇಡ. ಊರಿಗೆ ರೈಲಿನಲ್ಲಿ ಒಯ್ಯುವುದೂ ಬೇಡ, 1989ರ ರೈಲ್ವೆ ಕಾಯ್ದೆಯಡಿ ಅದಕ್ಕೆ ಮೂರು ವರ್ಷದವರೆಗೆ ಸೆರೆವಾಸವಿದೆ.

ಇಷ್ಟಾದರೂ ಸುಟ್ಟರೆ, ಗಾಯವನ್ನು ಕೂಡಲೇ ಹರಿಯುವ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಬೇಕು, ಊತ ಬರುವ ಮೊದಲೇ ಬಳೆ, ಉಂಗುರ ತೆಗೆಯಬೇಕು, ಆಮೇಲೆ ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಬೇಕು. ಟೂತ್‌ಪೇಸ್ಟ್, ಶಾಯಿ, ತುಪ್ಪ, ಅರಿಶಿನ, ಮಂಜುಗಡ್ಡೆಗಳಲ್ಲಿ ಯಾವುದನ್ನೂ ಹಚ್ಚಬೇಡಿ. ಕಣ್ಣಿಗೆ ಪೆಟ್ಟಾದರೆ ಉಜ್ಜುವುದು, ಒತ್ತುವುದು, ಮನೆಯಲ್ಲಿದ್ದ ಹನಿ ಹಾಕುವುದು ಕೂಡದು. ಕಾಗದದ ಲೋಟವನ್ನು ಕಣ್ಣಿಗೆ ತಾಗದಂತೆ ಸುತ್ತಲಿನ ಎಲುಬಿನ ಮೇಲೆ ಕವುಚಿ ಟೇಪ್ ಅಂಟಿಸಿ ನೇರವಾಗಿ ಕಣ್ಣಿನ ಆಸ್ಪತ್ರೆಗೆ ಒಯ್ಯಿರಿ. ಕಾರ್ಬೈಡ್‌ನಂತಹ ರಾಸಾಯನಿಕ ಕಣ್ಣಿಗೆ ಬಿದ್ದಿದ್ದರೆ ಮಾತ್ರ ಶುದ್ಧ ನೀರನ್ನು ಧಾರಾಳವಾಗಿ ಹರಿಸಿ ತೊಳೆದು ಹೊರಡಬೇಕು. ಆಂಬುಲೆನ್ಸ್‌ನ 108, ತುರ್ತು ಸೇವೆಯ 112 ಮತ್ತು ಹತ್ತಿರದ ಆಸ್ಪತ್ರೆಯ ಸಂಖ್ಯೆಗಳನ್ನು ಬರೆದು ಬಾಗಿಲಿಗೆ ಅಂಟಿಸಿಟ್ಟಿರಿ.

ಬಕೆಟ್ಟಿನಲ್ಲಿ ನೆನೆಹಾಕಿದ ತಂತಿ, ಠುಸ್ ಪಟಾಕಿಗಳು ಇಡೀ ರಾತ್ರಿ ಅಲ್ಲೇ ಇರಲಿ. ಬೆಳಿಗ್ಗೆ ಅಂಗಳದ ಕಸಕ್ಕೆ ಬೆಂಕಿ ಹಚ್ಚುವ ಅಭ್ಯಾಸವಿದ್ದರೆ ಆ ದಿನ ಬೇಡ, ರಾಶಿಯಲ್ಲಿ ಸಿಡಿಯದೆ ಉಳಿದದ್ದು ಇದ್ದೇ ಇರುತ್ತದೆ. ಮಕ್ಕಳು ಏಳುವ ಮೊದಲೇ ಗುಡಿಸಿ, ನೀರು ಚಿಮುಕಿಸಿ ಎಲ್ಲವನ್ನೂ ಪ್ರತ್ಯೇಕ ಚೀಲಕ್ಕೆ ತುಂಬಿ, ಒಳಗೇನಿದೆಯೆಂದು ಹೇಳಿ ಪೌರಕಾರ್ಮಿಕರ ಕೈಗೆ ಕೊಡಿ.