ಕಾಲೇಜು ಮುಗಿದ ಮೇಲೂ ಮೇಷ್ಟ್ರು, ಸೀನಿಯರ್‌ಗಳ ಸಂಪರ್ಕ ಉಳಿಸಿಕೊಳ್ಳುವುದು ಹೇಗೆ?

ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪ್ರತಿ ಡಿಸೆಂಬರ್‌ನಲ್ಲೂ ಹಳೇ ವಿದ್ಯಾರ್ಥಿಗಳಿಂದ ಇಂಥ ಮೆಸೇಜ್ ಬರುತ್ತದೆ: ‘ಸರ್, ಅರ್ಜೆಂಟಾಗಿ ಎಲ್‌ಒಆರ್ ಬೇಕು, ನಾಳೆ ಲಾಸ್ಟ್ ಡೇಟ್.’ ಎಲ್‌ಒಆರ್ ಅಂದರೆ ಮುಂದಿನ ಓದಿಗೆ ಮೇಷ್ಟ್ರು ಬರೆದುಕೊಡುವ ಶಿಫಾರಸು ಪತ್ರ. ಯಾರಿದು ಅಂತ ಡಿಪಿ ದೊಡ್ಡದು ಮಾಡಿ ನೋಡಬೇಕಾಗುತ್ತದೆ. ಕೇಳುವವರ ಮೇಲೆ ಸಿಟ್ಟಿಲ್ಲ, ಬೇಸರ ಮಾತ್ರ. ನಡುವಿನ ವರ್ಷಗಳಲ್ಲಿ ಆ ಹುಡುಗ ಏನು ಮಾಡಿದ ಎಂದು ಗೊತ್ತಿಲ್ಲದೆ ಒಳ್ಳೆಯ ಪತ್ರ ಬರೆಯುವುದಾದರೂ ಹೇಗೆ?

ಹೊರಡುವ ಮುಂಚೆ

ಕೋರ್ಸ್ ಮುಗಿದ ಸ್ವಲ್ಪ ದಿನಕ್ಕೆ ಎಷ್ಟೋ ಕಾಲೇಜುಗಳು ವಿದ್ಯಾರ್ಥಿಗಳ ಇ-ಮೇಲ್ ಖಾತೆ ಮುಚ್ಚಿಬಿಡುತ್ತವೆ. ಅದರೊಳಗಿನ ಪ್ರಾಜೆಕ್ಟ್ ಫೈಲು, ವಿಳಾಸ ಎಲ್ಲವನ್ನೂ ಮೊದಲೇ ನಿಮ್ಮ ಸ್ವಂತ ಖಾತೆಗೆ ತೆಗೆದುಕೊಳ್ಳಿ. ಆಮೇಲೆ ಒಂದು ಪಟ್ಟಿ ಮಾಡಿ. ಪ್ರಾಜೆಕ್ಟ್ ಗೈಡ್, ಲ್ಯಾಬ್ ಇನ್‌ಸ್ಟ್ರಕ್ಟರ್, ಇಂಟರ್ನ್‌ಶಿಪ್‌ನಲ್ಲಿ ಕೆಲಸ ಕಲಿಸಿದವರು, ದಾರಿ ತೋರಿಸಿದ ಸೀನಿಯರ್. ಪ್ರತಿ ಹೆಸರಿನ ಪಕ್ಕ ಅವರ ಜೊತೆ ಏನು ಕೆಲಸ ಮಾಡಿದಿರಿ ಎಂದು ಒಂದು ಸಾಲು ಬರೆದಿಡಿ. ಎರಡು ವರ್ಷ ಕಳೆದರೆ ನಿಮಗೇ ಮರೆತುಹೋಗುತ್ತದೆ.

ಮೊದಲ ಮೆಸೇಜ್

ಕೆಲಸಕ್ಕೋ ಮುಂದಿನ ಓದಿಗೋ ಸೇರಿದ ತಿಂಗಳೊಳಗೆ ಪಟ್ಟಿಯಲ್ಲಿರುವವರಿಗೆಲ್ಲ ಬೇರೆಬೇರೆಯಾಗಿ ಬರೆಯಿರಿ. ಒಂದನ್ನೇ ಎಲ್ಲರಿಗೂ ಫಾರ್ವರ್ಡ್ ಮಾಡಬೇಡಿ. ಹೀಗಿದ್ದರೆ ಸಾಕು:

‘ನಮಸ್ಕಾರ ಸರ್. ನಾನು 2024ರ ಸಿವಿಲ್ ಬ್ಯಾಚ್, ಕೆರೆ ಹೂಳಿನ ಇಟ್ಟಿಗೆ ಪ್ರಾಜೆಕ್ಟ್ ಮಾಡಿದ ಟೀಮಿನಲ್ಲಿದ್ದೆ. ಹುಬ್ಬಳ್ಳಿಯಲ್ಲಿ ಸೈಟ್ ಕೆಲಸಕ್ಕೆ ಸೇರಿದ್ದೇನೆ. ಕಾಂಕ್ರೀಟ್ ಕ್ಯೂಬ್ ಟೆಸ್ಟಿನ ರಿಜಿಸ್ಟರ್ ನನ್ನ ಪಾಲಿಗೆ ಬಂದಿದೆ. 7ನೇ ದಿನ, 28ನೇ ದಿನದ ಟೆಸ್ಟನ್ನು ನೀವು ಲ್ಯಾಬಿನಲ್ಲಿ ನಮ್ಮ ಕೈಯಲ್ಲೇ ಮಾಡಿಸಿದ್ದರಿಂದ ಇಲ್ಲಿ ಭಯ ಆಗಲಿಲ್ಲ. ನಿಮಗೆ ಹೇಳಬೇಕು ಅನಿಸಿತು.’

ಯಾವ ಬ್ಯಾಚು, ಯಾವ ಪ್ರಾಜೆಕ್ಟು ಎಂದು ಮೊದಲ ಸಾಲಿನಲ್ಲೇ ಇದೆ. ಕಲಿತದ್ದು ಎಲ್ಲಿ ಉಪಯೋಗಕ್ಕೆ ಬಂತು ಎಂದೂ ಇದೆ. ಏನನ್ನೂ ಕೇಳಿಲ್ಲ. ಇಂಥದ್ದೊಂದು ಬಂದ ದಿನ ನಾನು ಅದನ್ನು ಸ್ಟಾಫ್ ರೂಮಿನಲ್ಲಿ ಪಕ್ಕದವರಿಗೆ ಓದಿ ಹೇಳುತ್ತೇನೆ. ಬರೆದವರ ಹೆಸರು ಆಮೇಲೆ ಮರೆಯುವುದಿಲ್ಲ.

ನಂತರ ವರ್ಷಕ್ಕೆ ಒಂದೆರಡು ಸಲ

ಶಿಕ್ಷಕರ ದಿನಾಚರಣೆಯ ಫಾರ್ವರ್ಡ್ ಚಿತ್ರಗಳು ರಾಶಿರಾಶಿ ಬರುತ್ತವೆ, ಅದರಲ್ಲಿ ಯಾರನ್ನೂ ನೆನಪಿಡಲು ಆಗುವುದಿಲ್ಲ. ಕೆಲಸ ಬದಲಾಯಿಸಿದಾಗ, ಹೊಸದೇನಾದರೂ ಕಲಿತಾಗ ನಾಲ್ಕು ಸಾಲು ಬರೆಯಿರಿ. ನಿಮ್ಮಿಂದ ಆಗುವುದನ್ನು ಕೊಡಿ. ನಿಮ್ಮ ಕಂಪನಿಯಲ್ಲಿ ಇಂಟರ್ನ್‌ಗಳನ್ನು ತೆಗೆದುಕೊಳ್ಳುತ್ತಿದ್ದರೆ ಡಿಪಾರ್ಟ್‌ಮೆಂಟಿಗೆ ತಿಳಿಸಿ. ಜೂನಿಯರ್‌ಗಳ ಪ್ರಾಜೆಕ್ಟ್ ನೋಡಿ ಸಲಹೆ ಕೊಡಲು ಒಂದು ಶನಿವಾರ ಬಿಡುವು ಮಾಡಿಕೊಳ್ಳಿ. ಊರಿನಲ್ಲಿ ಓದಿದ ಮಕ್ಕಳಿಗೆ ಹೊರಗೆ ಪರಿಚಯದವರೇ ಇರುವುದಿಲ್ಲ. ಅವರಿಗೆ ನಿಮ್ಮ ಒಂದು ಫೋನ್ ಕರೆಯೂ ದೊಡ್ಡದು.

ದೂರದ ಪರಿಚಯವನ್ನೂ ಬಿಡಬೇಡಿ

ಆಪ್ತ ಗೆಳೆಯರ ಸಂಪರ್ಕ ತಾನಾಗಿಯೇ ಉಳಿಯುತ್ತದೆ. ತಪ್ಪಿಹೋಗುವುದು ಆಗೊಮ್ಮೆ ಈಗೊಮ್ಮೆ ಸಿಗುವವರದು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಮಾತನಾಡಿಸಿ 1973ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಆ ಪರಿಚಯದವರನ್ನು ಆಗಾಗ ಭೇಟಿಯಾಗುತ್ತಿದ್ದವರು ಶೇ 16.7 ಮಾತ್ರ. ಉಳಿದವರಿಗೆ ಸುದ್ದಿ ಬಂದದ್ದು ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಸಿಗುವವರಿಂದ. ನಿಮ್ಮ ರೂಮ್‌ಮೇಟ್‌ಗೆ ಗೊತ್ತಿರುವುದು ಹೆಚ್ಚುಕಮ್ಮಿ ನಿಮಗೂ ಗೊತ್ತಿರುತ್ತದೆ, ಅಲ್ವಾ? ಹೊಸ ಸುದ್ದಿ ಬೇರೆ ವಲಯದಲ್ಲಿ ಓಡಾಡುವವರ ಹತ್ತಿರ ಇರುತ್ತದೆ.

ಕೇಳುವಾಗ

ಕೇಳುವುದು ತಪ್ಪಲ್ಲ, ಸಂಕೋಚ ಬೇಡ. ಆದರೆ ಸಮಯ ಕೊಡಿ. ಅಮೆರಿಕದ ಎಂಎಸ್ (ಸ್ನಾತಕೋತ್ತರ ಪದವಿ) ಪ್ರವೇಶಕ್ಕೆ ಸಾಮಾನ್ಯವಾಗಿ ಎರಡು ಮೂರು ಶಿಫಾರಸು ಪತ್ರ ಬೇಕು. ಬಹಳಷ್ಟು ಕಡೆ ಕೊನೆಯ ದಿನಾಂಕ ಡಿಸೆಂಬರ್–ಜನವರಿಯಲ್ಲೇ ಬರುತ್ತದೆ. ಹಾಗಾಗಿ ಅಕ್ಟೋಬರ್‌ನಲ್ಲೇ ಕೇಳಿ. ಯೂನಿವರ್ಸಿಟಿಗಳ ಪಟ್ಟಿ, ಕೊನೆಯ ದಿನಾಂಕ, ಮಾರ್ಕ್ಸ್ ಕಾರ್ಡ್, ರೆಸ್ಯೂಮೆ, ಪ್ರಾಜೆಕ್ಟ್ ರಿಪೋರ್ಟ್ ಎಲ್ಲವನ್ನೂ ಒಂದೇ ಮೇಲ್‌ನಲ್ಲಿ ಕಳಿಸಿ. ‘ಆಗದಿದ್ದರೆ ದಯವಿಟ್ಟು ಹೇಳಿ ಸರ್, ಬೇಜಾರಿಲ್ಲ’ ಎಂದೂ ಸೇರಿಸಿ. ಮನಸ್ಸಿಲ್ಲದೆ ಬರೆದ ಪತ್ರದಿಂದ ನಿಮಗೇ ನಷ್ಟ. ಸೀನಿಯರ್ ಹತ್ತಿರ ರೆಫರಲ್, ಅಂದರೆ ಅವರ ಕಂಪನಿಯ ಕೆಲಸಕ್ಕೆ ನಿಮ್ಮ ಹೆಸರು ಸೂಚಿಸಲು, ಕೇಳುವುದಾದರೆ ಜಾಬ್ ಐಡಿ, ರೆಸ್ಯೂಮೆ ಜೊತೆಗೇ ಇರಲಿ.

ಫಲಿತಾಂಶ ಬಂದ ದಿನ ಅವರಿಗೆ ತಿಳಿಸಿ. ಸೀಟು ಸಿಗದಿದ್ದರೂ ತಿಳಿಸಿ. ಪತ್ರ ಬರೆದವರು ನಿಮ್ಮಷ್ಟೇ ಕಾಯುತ್ತಿರುತ್ತಾರೆ.

ವರ್ಷಗಟ್ಟಲೆ ಮಾತೇ ಇಲ್ಲದಿದ್ದರೆ

ಈಗ ಶುರು ಮಾಡಿ. ಉದ್ದುದ್ದ ಕ್ಷಮೆ ಬೇಡ. ನೀವು ಯಾರು, ಈಗ ಎಲ್ಲಿದ್ದೀರಿ ಎಂದು ಹೇಳಿದರೆ ಸಾಕು. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಇನ್ನೊಮ್ಮೆ ಬರೆಯಿರಿ. ಪರೀಕ್ಷೆ, ಮೌಲ್ಯಮಾಪನದ ಹೊತ್ತಿನಲ್ಲಿ ನಮ್ಮ ಫೋನಿನಲ್ಲಿ ಎಷ್ಟೋ ಮೆಸೇಜ್ ಕೆಳಗೆ ಸರಿದುಹೋಗಿರುತ್ತವೆ.