ಹಿತ್ತಿಲಿನ ಚಿಮ್ಮಂಡೆಯನ್ನು ಹುಡುಕಿ ಗುರುತಿಸುವುದು

ಕತ್ತಲಾಗಿ ಒಂದು ಗಂಟೆ ಕಳೆದ ಮೇಲೆ, ಕೆಂಪು ಹಾಳೆ ಸುತ್ತಿದ ಟಾರ್ಚ್ ಹಿಡಿದು, ರಾತ್ರಿ ಹಾಡುವ ಕೀಟವಾದ ಚಿಮ್ಮಂಡೆಯ (ಕ್ರಿಕೆಟ್) ಸದ್ದು ಬರುವ ಕಡೆಗೆ ನಿಧಾನವಾಗಿ ನಡೆಯಬೇಕು. ಹೆಜ್ಜೆಯ ಕಂಪನಕ್ಕೆ ಚಿಮ್ಮಂಡೆ ಹಾಡು ನಿಲ್ಲಿಸಿದರೆ ನಿಂತಲ್ಲೇ ಕಾಯಬೇಕು. ಇದಕ್ಕೆ ತಾಳ್ಮೆಯೇ ಮುಖ್ಯ ಸಲಕರಣೆ. ಹಗಲಿನಲ್ಲಾದರೆ ಹೂಕುಂಡ, ಇಟ್ಟಿಗೆ, ತರಗೆಲೆಗಳ ಅಡಿಯಲ್ಲಿ ನೋಡಬಹುದು, ಆದರೆ ಚೇಳು ಇರಬಹುದಾದ್ದರಿಂದ ಬರಿಗೈ ಹಾಕದೆ ಕೋಲಿನಿಂದಲೇ ಎತ್ತಬೇಕು.

ಸಿಕ್ಕ ಹುಳುವಿನ ಮೀಸೆಯನ್ನು ಮೊದಲು ಗಮನಿಸಿ. ಅದು ದೇಹಕ್ಕಿಂತ ಉದ್ದವಾಗಿ, ದಾರದಂತೆ ತೆಳ್ಳಗಿದ್ದರೆ ಅದು ಚಿಮ್ಮಂಡೆಯಾಗಿರಬಹುದು. ಗಿಡ್ಡವಾಗಿದ್ದರೆ ಹೆಚ್ಚಾಗಿ ಸಾಮಾನ್ಯ ಮಿಡತೆ. ಹಗಲಿನಲ್ಲಿ ಮರದ ಮೇಲೆ ಕಿರುಚುವ ಜೀರುಂಡೆ ಬೇರೆಯೇ ಕೀಟ, ಹೆಸರುಗಳನ್ನು ನಮ್ಮಲ್ಲಿ ಅದಲುಬದಲಾಗಿ ಬಳಸುತ್ತಾರಷ್ಟೆ. ಹಿಂಬದಿಯಲ್ಲಿ ಗಂಡು ಹೆಣ್ಣು ಎರಡಕ್ಕೂ ಎರಡು ಬಾಲದೆಳೆಗಳಿದ್ದು, ಅವುಗಳ ನಡುವೆ ಸೂಜಿಯಂಥ ಮೊಟ್ಟೆಯಿಡುವ ಅಂಗವೂ ಕಂಡರೆ ಅದು ಬೆಳೆದ ಹೆಣ್ಣು. ಮುಂದಿನ ರೆಕ್ಕೆಗಳನ್ನು ಒಂದಕ್ಕೊಂದು ಉಜ್ಜಿ ಹಾಡುವುದು ಗಂಡು. ಆ ಹಾಡನ್ನು ಕೇಳುವ ಕಿವಿಗಳು ಮುಂಗಾಲುಗಳಲ್ಲಿವೆ.

ಕಪ್ಪು ಮೈ, ರೆಕ್ಕೆಯ ಬುಡದಲ್ಲಿ ಎರಡು ಹಳದಿ ಚುಕ್ಕೆಗಳಿದ್ದರೆ ಅದು ಹೊಲದ ಚಿಮ್ಮಂಡೆ, ವೈಜ್ಞಾನಿಕ ಹೆಸರು ಗ್ರಿಲಸ್ ಬೈಮ್ಯಾಕುಲೇಟಸ್. ಮುಂಗಾಲುಗಳು ಸಲಿಕೆಯಂತೆ ಅಗಲವಾಗಿದ್ದರೆ ಮಣ್ಣು ಅಗೆಯುವ ಜಾತಿ. ಪೊದೆಯ ಎಲೆಗಳ ಮೇಲೆ ಕೂತ ತಿಳಿಹಸಿರಿನ ಸಪೂರ ಹುಳು ಮರಚಿಮ್ಮಂಡೆ. ಇದರ ಒಂದು ಜಾತಿಯ ಕೆಲವು ಗಂಡುಗಳು ಎಲೆಯಲ್ಲಿ ತೂತು ಕೊರೆದು, ಅದರಲ್ಲಿ ನಿಂತು ಹಾಡಿ ದನಿಯನ್ನು ಹೆಚ್ಚಿಸಿಕೊಳ್ಳುತ್ತವೆ.